ತೀವ್ರ ಸುಟ್ಟಗಾಯಗಳ ವರ್ಗೀಕರಣ

ಸುಟ್ಟಗಾಯವಾದವರ ಸ್ಥಿತಿ ಎಷ್ಟು ಗಂಭೀರ, ಚಿಕಿತ್ಸೆ ಏನು, ಎಲ್ಲಿ ಎಂಬುದನ್ನು ನಿರ್ಧರಿಸುವ ವೈದ್ಯಕೀಯ ಕ್ರಮ. ಥಾಣೆ ಜಿಲ್ಲೆಯ ಮಟ್ಟಿಗೆ ಇದು ಬರಿಯ ಪಠ್ಯಪುಸ್ತಕದ ವಿಷಯವಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಭಾರಿ ಸ್ಫೋಟಗಳಾಗಿ ಹಲವರು ಸತ್ತರು. ನವಿಮುಂಬಯಿಯ ಐರೋಲಿಯಲ್ಲಿರುವ ನ್ಯಾಷನಲ್ ಬರ್ನ್ಸ್ ಸೆಂಟರ್ ಸುಟ್ಟಗಾಯಗಳಿಗೆಂದೇ ಮೀಸಲಾದ ಆಸ್ಪತ್ರೆ.

ಮೊದಲ ಲೆಕ್ಕ ವಿಸ್ತಾರದ್ದು: ದೇಹದ ಒಟ್ಟು ಮೇಲ್ಮೈಯಲ್ಲಿ ಶೇಕಡಾ ಎಷ್ಟು ಸುಟ್ಟಿದೆ ಎಂಬುದು. ವಯಸ್ಕರಲ್ಲಿ ತಲೆ-ಕುತ್ತಿಗೆ ಶೇ. 9, ಒಂದೊಂದು ತೋಳು 9, ಒಂದೊಂದು ಕಾಲು 18, ಮುಂಡದ ಮುಂಭಾಗ 18, ಹಿಂಭಾಗ 18, ಜನನಾಂಗ 1. ಚಿಕ್ಕ ಮಕ್ಕಳ ತಲೆ ದೊಡ್ಡದಾದ್ದರಿಂದ ಅವರಿಗೆ ಈ 'ಒಂಬತ್ತರ ನಿಯಮ' ಹೊಂದದು. 1944ರ ಲುಂಡ್–ಬ್ರೌಡರ್ ನಕ್ಷೆ ಬಳಸಬೇಕು. ಚೆದುರಿದ ಗಾಯಗಳಿಗೆ ರೋಗಿಯದೇ ಬೆರಳುಸಹಿತ ಅಂಗೈ ಅಳತೆಗೋಲು: ಸುಮಾರು ಶೇ. 1. ಬರೀ ಕೆಂಪಾದ ಚರ್ಮವನ್ನು ಲೆಕ್ಕಕ್ಕೆ ಸೇರಿಸಬಾರದು. ಇದನ್ನು ಮರೆತರೆ ಪ್ರಮಾಣ ಸುಳ್ಳೇ ಹಿಗ್ಗಿ, ರೋಗಿಗೆ ಬೇಡದಷ್ಟು ದ್ರವ ಹೋಗುತ್ತದೆ.

ಆಳ ತಿಳಿಯುವುದು ಇನ್ನೂ ಕಷ್ಟ. ಬೊಬ್ಬೆ ಎದ್ದು, ತೇವವಾಗಿ, ವಿಪರೀತ ಉರಿಯುವ ಗಾಯದಲ್ಲಿ ಚರ್ಮದ ಒಳಪದರ ಭಾಗಶಃ ಉಳಿದಿರುತ್ತದೆ. ಬೆಳ್ಳಗೆ ಅಥವಾ ಕರಟಿದಂತೆ ಒಣಗಿ, ಮುಟ್ಟಿದರೂ ನೋವಾಗದ ಗಾಯವೇ ಹೆಚ್ಚು ಅಪಾಯಕಾರಿ. ನೋವಿಲ್ಲವೆಂದು ಮನೆಯವರು ಸಮಾಧಾನಪಡುವುದು ಇಲ್ಲಿಯೇ. ಇಂಥ ಗಾಯಕ್ಕೆ ಸಾಮಾನ್ಯವಾಗಿ ಚರ್ಮದ ಕಸಿ ಬೇಕು. ಗಾಯ ಎದೆ ಅಥವಾ ಕೈಕಾಲನ್ನು ಸುತ್ತುವರಿದಿದ್ದರೆ, ಬಿಗಿದ ಚರ್ಮವನ್ನು ಸೀಳಿ ಉಸಿರಾಟ, ರಕ್ತಸಂಚಾರ ಉಳಿಸಬೇಕಾಗುತ್ತದೆ.

ವಯಸ್ಕರಲ್ಲಿ ಶೇ. 15–20, ಮಕ್ಕಳಲ್ಲಿ ಶೇ. 10 ಮೀರಿದರೆ ಸಾಮಾನ್ಯವಾಗಿ ರಕ್ತನಾಳದ ಮೂಲಕ ದ್ರವ ಕೊಡಬೇಕು. ಪಾರ್ಕ್‌ಲ್ಯಾಂಡ್ ಸೂತ್ರದಲ್ಲಿ ಈ ದ್ರವದ ಪ್ರಮಾಣ ತಿಳಿಯಲು ಕಿಲೋ ತೂಕ, ಸುಟ್ಟ ಶೇಕಡಾವಾರು ಎರಡನ್ನೂ 4 ಮಿ.ಲೀ.ಯಿಂದ ಗುಣಿಸುತ್ತಾರೆ. 60 ಕಿಲೋ ತೂಕದವರಿಗೆ ಶೇ. 30 ಸುಟ್ಟಿದ್ದರೆ 24 ಗಂಟೆಗೆ 7,200 ಮಿ.ಲೀ.; ಅರ್ಧ ಮೊದಲ 8 ಗಂಟೆಯಲ್ಲಿ. ಗಂಟೆ ಎಣಿಸುವುದು ಸುಟ್ಟ ಕ್ಷಣದಿಂದ, ದಾಖಲಾದ ಹೊತ್ತಿನಿಂದಲ್ಲ. ಕಲ್ಯಾಣದಿಂದ ಐರೋಲಿ ತಲುಪಲು 2 ಗಂಟೆ ಹಿಡಿದರೆ ಉಳಿಯುವುದು 6 ಗಂಟೆ ಮಾತ್ರ. ಸೂತ್ರ ಆರಂಭಕ್ಕಷ್ಟೇ, ಮುಂದಿನ ಪ್ರಮಾಣವನ್ನು ಮೂತ್ರದ ಅಳತೆ ನೋಡಿ ಹೊಂದಿಸುತ್ತಾರೆ.

ಮುಖ, ಕೈ, ಪಾದ, ಕೀಲು, ಜನನಾಂಗ ಸುಟ್ಟಿದ್ದರೆ, ವಿದ್ಯುತ್ ಅಥವಾ ರಾಸಾಯನಿಕ ಕಾರಣವಾಗಿದ್ದರೆ ಶೇಕಡಾ ಕಡಿಮೆಯಿದ್ದರೂ ವಿಶೇಷ ಕೇಂದ್ರವೇ ಸರಿ. ವಿದ್ಯುತ್ ಗಾಯದಲ್ಲಿ ಮೇಲೆ ಕಾಣುವುದು ಅಲ್ಪ, ಒಳಗೆ ಬೆಂದ ಸ್ನಾಯು ಬಹಳ. ದನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ, ಕಫದಲ್ಲಿ ಮಸಿ ಕಂಡರೆ ಶ್ವಾಸನಾಳಕ್ಕೂ ಪೆಟ್ಟಾಗಿರಬಹುದು. ಊತ ಏರುವ ಮೊದಲೇ ಉಸಿರಿನ ಕೊಳವೆ ಹಾಕಬೇಕಾಗಬಹುದು.

ಕಸಿಗೆ ಸ್ವಂತ ಚರ್ಮ ಸಾಲದವರಿಗೆ ಮೃತರು ದಾನ ಮಾಡಿದ ಚರ್ಮ ತಾತ್ಕಾಲಿಕ ಹೊದಿಕೆಯಾಗುತ್ತದೆ. ಸಾವಿನ 6 ಗಂಟೆಯೊಳಗೆ ತೆಗೆದ ಈ ಚರ್ಮಕ್ಕೆ ರಕ್ತದ ಗುಂಪು ಹೊಂದಬೇಕಿಲ್ಲ. ಐರೋಲಿಯ ಕೇಂದ್ರದಲ್ಲಿ ಚರ್ಮ ಬ್ಯಾಂಕ್ ಇದೆ.