ಪ್ರಾಣಿ ಎಲ್ಲರದು, ಪರ್ಮಿಟ್ ಜಮೀನುದಾರರದು

ನಮ್ಮಜ್ಜ ಬೇಟೆಗಾರ ಅಲ್ಲ, ಸೋವುಗಾರ. ಊರ ಜಮೀನುದಾರರು ಹಂದಿ ಬೇಟೆಗೆ ಹೊರಟರೆ ತಮಟೆ ಬಡಿದು, ಕೂಗು ಹಾಕಿ, ಮುಳ್ಳುಪೊದೆಗೆ ನುಗ್ಗಿ ಹಂದಿ ಎಬ್ಬಿಸೋದು ನಮ್ಮ ಕೇರಿಯವರ ಕೆಲಸ. ಕೋವಿ ಅವರದು, ಮುಳ್ಳು ಪರಚಿದ ಗಾಯ ನಮ್ಮದು. ಪಾಲು ಹಂಚುವಾಗ ಕೊನೆಗೆ ಕರೀತಿದ್ರು.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಬೇಟೆಗಾರರ ಜಗಳದ ಬಗ್ಗೆ ಓದುವಾಗ ಅಜ್ಜ ನೆನಪಾದ.

ಅಲ್ಲಿ ಬೇಟೆ ಕಾನೂನುಬದ್ಧ. ಕಾಡುಪ್ರಾಣಿ ಯಾರ ಸ್ವಂತ ಆಸ್ತಿಯೂ ಅಲ್ಲ, ಜನರ ಪರವಾಗಿ ಸರ್ಕಾರ ಕಾಯೋ ಸೊತ್ತು ಅನ್ನೋದು ಅಲ್ಲಿನ ತತ್ವ. ಎಲ್ಕ್ ಅಂದ್ರೆ ನಮ್ಮ ಕಡವೆಯಂಥ ದೊಡ್ಡ ಜಿಂಕೆ. ಅದನ್ನು ಹೊಡೆಯೋಕೆ ಸಾಮಾನ್ಯ ಜನ ಅರ್ಜಿ ಹಾಕಿ ಲಾಟರಿಗೆ ಕಾಯಬೇಕು. ಲಾಟರಿಯಲ್ಲಿ 84% ರಾಜ್ಯದ ನಿವಾಸಿಗಳಿಗೆ, 10% ಗೈಡ್ ಜೊತೆ ಹೋಗುವವರಿಗೆ, 6% ಹೊರಗಿನವರಿಗೆ ಅಂತ 2011ರಲ್ಲಿ ಕಾನೂನೂ ಆಯ್ತು. ಕೇಳೋಕೆ ನ್ಯಾಯವಾಗೇ ಇದೆ.

ಆದರೆ ಲಾಟರಿಯ ಪಕ್ಕದಲ್ಲೇ ಇನ್ನೊಂದು ಬಾಗಿಲಿದೆ. ನಿಮ್ಮ ಜಮೀನಲ್ಲಿ ಎಲ್ಕ್ ಮೇಯುತ್ತೆ ಅಂತ ಜಮೀನುದಾರರಿಗೆ ಸರ್ಕಾರ ನೇರವಾಗಿ ಪರವಾನಗಿ ಪತ್ರ ಕೊಡುತ್ತೆ. ಅದನ್ನವರು ಯಾರಿಗೆ ಬೇಕಾದ್ರೂ ಮಾರಬಹುದು. ಸಾವಿರಾರು ಡಾಲರ್ ಬೆಲೆ. ಕೆಲವು ಪತ್ರಗಳು ಸಾರ್ವಜನಿಕ ಕಾಡಿನಲ್ಲೂ ನಡೆಯುತ್ತವೆ. ದುಡ್ಡಿರೋ ಹೊರರಾಜ್ಯದವನು ಕೊಂಡುಕೊಂಡು ಬರ್ತಾನೆ. ಅಲ್ಲೇ ಹುಟ್ಟಿ ಬೆಳೆದ ಕೂಲಿಯವನಿಗೆ ಈ ವರ್ಷವೂ ಲಾಟರಿ ಹತ್ತಲಿಲ್ಲ. ಗುಮಾಸ್ತನಾಗಿ ಕೌಂಟರಿನ ಈಚೆ ಕೂತವನು ನಾನು. ಸಾಲಲ್ಲಿ ನಿಂತವನ ಪಕ್ಕದಿಂದ ಇನ್ನೊಬ್ಬ ನೇರ ಒಳಗೆ ಹೋದಾಗ ಆ ಮುಖ ಹೇಗಾಗುತ್ತೆ ಅಂತ ನನಗೆ ಗೊತ್ತು.

ಜಮೀನುದಾರರ ಮಾತನ್ನೂ ಕೇಳಬೇಕು. ಎಲ್ಕ್ ನಮ್ಮ ಹುಲ್ಲು ತಿನ್ನುತ್ತೆ, ಬೇಲಿ ಮುರಿಯುತ್ತೆ, ನಷ್ಟ ಯಾರು ಕೊಡ್ತಾರೆ ಅಂತಾರೆ. ಸುಳ್ಳಲ್ಲ. ನಷ್ಟಕ್ಕೆ ಪರಿಹಾರ ಕೊಡಲಿ. ಆದರೆ ಜನರ ಪ್ರಾಣಿಯನ್ನೇ ಮಾರೋ ಹಕ್ಕು ಯಾಕೆ? ಪಕ್ಕದ ಅರಿಜೋನಾದಲ್ಲಿ ಜಮೀನುದಾರರಿಗೆ ಇಂಥ ಪರ್ಮಿಟ್ ಇಲ್ಲವೇ ಇಲ್ಲ.

ಇನ್ನು ಯಾರೂ ಕೇಳದ ಪ್ರಶ್ನೆ: ಆ ಜಮೀನು ಅವರಿಗೆ ಬಂದದ್ದು ಹೇಗೆ?

1848ರ ತನಕ ಆ ನೆಲ ಮೆಕ್ಸಿಕೊದ್ದು. ಯುದ್ಧದಲ್ಲಿ ಗೆದ್ದ ಅಮೆರಿಕ, ಅಲ್ಲಿನ ಜನರ ಆಸ್ತಿಯನ್ನು ಗೌರವಿಸ್ತೀವಿ ಅಂತ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಬರೆದುಕೊಟ್ಟಿತು. ಸ್ಪ್ಯಾನಿಷ್ ಮಾತಾಡೋ ಹಳ್ಳಿಗರಿಗೆ ಊರೊಟ್ಟಿನ ನೆಲ ಇತ್ತು. ದನ ಮೇಯಿಸೋಕೆ, ಸೌದೆಗೆ, ಬೇಟೆಗೆ, ನಮ್ಮ ಗೋಮಾಳದ ಹಾಗೆ. 1897ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸ್ಯಾಂಡೊವಲ್ ಪ್ರಕರಣದಲ್ಲಿ, ಅಂಥ ನೆಲ ಊರಿನದಲ್ಲ, ಸರ್ಕಾರದ್ದು ಅಂದುಬಿಟ್ಟಿತು. ಇನ್ನಷ್ಟು ನೆಲ ವಕೀಲರ ಪಾಲಾಯ್ತು. ಟಿಯೆರಾ ಅಮರಿಯಾ ಅನ್ನೋ ಕಡೆ ಸುಮಾರು 6 ಲಕ್ಷ ಎಕರೆ ಥಾಮಸ್ ಕ್ಯಾಟ್ರನ್ ಅನ್ನೋ ವಕೀಲನ ಕೈಸೇರಿತು. 1912ರಲ್ಲಿ ರಾಜ್ಯ ಆದಾಗ ಅವನೇ ಸೆನೆಟರ್! ಹಳ್ಳಿಗರ ಸಿಟ್ಟು ಆರಲಿಲ್ಲ. 1967ರ ಜೂನ್ 5ರಂದು ರೀಸ್ ಟಿಹೆರಿನಾ ಅವರ ಸಂಗಾತಿಗಳು ಕೋವಿ ಹಿಡಿದು ಅದೇ ಊರಿನ ಕೋರ್ಟಿಗೆ ನುಗ್ಗಿದರು. ಈ ಹಳ್ಳಿಗರಿಗಿಂತ ಮೊದಲೂ ಆ ನೆಲ ಪ್ಯೂಬ್ಲೊ, ಅಪಾಚೆ, ಯೂಟ್ ಮೂಲನಿವಾಸಿಗಳದ್ದು ಅನ್ನೋದನ್ನೂ ಮರೆಯೋ ಹಾಗಿಲ್ಲ.

ಅಂದ್ರೆ ಮೊದಲು ನೆಲ ಹೋಯ್ತು. ಆಮೇಲೆ ನೆಲ ಇದ್ದವನಿಗೆ ಪರ್ಮಿಟ್ ಅಂದರು. ಎರಡನೆಯದು ನೀತಿ ಅನ್ನಿಸೋದು ಮೊದಲನೆಯದನ್ನು ಮರೆತಾಗ ಮಾತ್ರ. ಬೇಟೆಗಾರರ ಸಂಘಗಳು ಬದಲಾವಣೆ ಕೇಳ್ತಾನೇ ಇವೆ. ಆದರೆ ಶಾಸನಸಭೆಯಲ್ಲಿ ದನಿ ಜೋರಿರೋದು ಜಮೀನಿದ್ದವರದು.

ಕೋವಿ ಹಿಡಿದ ಅಮೆರಿಕನ್ನರ ಗೋಳು ನಮಗ್ಯಾಕೆ ಅಂತ ಕೇಳಬಹುದು. ಬೇಟೆಯೂ ಕುಡಿಯೋ ನೀರೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಮಹಾಡದ ಚವದಾರ್ ಕೆರೆಯೂ ಕಾಗದದ ಮೇಲೆ ಎಲ್ಲರದೇ ಆಗಿತ್ತಲ್ಲ? ಸಾರ್ವಜನಿಕ ಕೆರೆ ಎಲ್ಲರಿಗೂ ಅಂತ 1923ರಲ್ಲೇ ಮುಂಬೈ ಶಾಸನಸಭೆ ನಿರ್ಣಯ ಮಾಡಿತ್ತು. ಆದರೂ 1927ರಲ್ಲಿ ಬಾಬಾಸಾಹೇಬರು ನಡೆದು ಹೋಗಿ ಬೊಗಸೆ ತುಂಬಬೇಕಾಯ್ತು.

ಬಂಧುಗಳೇ, ಇನ್ಮೇಲೆ ಯಾರಾದ್ರೂ 'ಇದು ಎಲ್ಲರದು' ಅಂದ್ರೆ ಖುಷಿಪಡೋ ಮೊದಲು ಒಂದು ಮಾತು ಕೇಳಿ: ಹಂಚೋ ಪಟ್ಟಿ ಬರೆಯೋರು ಯಾರು? ನಮ್ಮಜ್ಜ ಅದನ್ನು ಕೇಳಲಿಲ್ಲ. ಕೇಳೋ ಹಾಗಿರಲಿಲ್ಲ.

ಜೈ ಭೀಮ್.