ಹಳೆಯ ಲಿನಕ್ಸ್‌ನಲ್ಲಿ ಫ್ಲ್ಯಾಟ್‌ಪ್ಯಾಕ್

ಫ್ಲ್ಯಾಟ್‌ಪ್ಯಾಕ್: ಲಿನಕ್ಸ್ ಗಣಕಗಳಿಗೆ ತಂತ್ರಾಂಶವನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ಒದಗಿಸುವ ಪ್ಯಾಕೇಜ್ ವಿಧಾನ. ಅಲೆಕ್ಸಾಂಡರ್ ಲಾರ್ಸನ್ ಇದನ್ನು ಎಕ್ಸ್‌ಡಿಜಿ-ಆ್ಯಪ್ ಎಂಬ ಹೆಸರಿನಲ್ಲಿ ಆರಂಭಿಸಿದರು. 2016ರಲ್ಲಿ ಈಗಿನ ಹೆಸರು ಬಂತು, 1.0 ಆವೃತ್ತಿ 2018ರ ಆಗಸ್ಟ್‌ನಲ್ಲಿ ಹೊರಬಂತು.

ಡೆಬ್, ಆರ್‌ಪಿಎಂ ಮುಂತಾದ ಸಾಂಪ್ರದಾಯಿಕ ಪ್ಯಾಕೇಜುಗಳು ಗಣಕದಲ್ಲಿ ಮೊದಲೇ ಇರುವ ಲೈಬ್ರರಿಗಳನ್ನು ನೆಚ್ಚಿಕೊಂಡಿರುತ್ತವೆ. ಹಳೆಯ ಗಣಕ ಎಡವುವುದು ಇಲ್ಲಿಯೇ. ಮೂಲ ಲೈಬ್ರರಿಯಾದ ಜಿಲಿಬ್‌ಸಿ ಉಬುಂಟು 16.04ರಲ್ಲಿ 2.23, ಉಬುಂಟು 22.04ರಲ್ಲಿ 2.35. ಹೊಸದಕ್ಕೆ ಕಟ್ಟಿದ ತಂತ್ರಾಂಶ ಹಳೆಯದರಲ್ಲಿ ಬೇಕಾದ ಆವೃತ್ತಿ ಸಿಗದೆ ಹಲವೊಮ್ಮೆ ತೆರೆದುಕೊಳ್ಳುವುದೇ ಇಲ್ಲ. ಒಂದೇ ಕಡತವಾಗಿ ಬರುವ ಆ್ಯಪ್‌ಇಮೇಜ್ ಬಳಕೆಗೆ ಸುಲಭವಾದರೂ, ಸಾಮಾನ್ಯವಾಗಿ ಜಿಲಿಬ್‌ಸಿಯನ್ನು ಗಣಕದಿಂದಲೇ ಪಡೆಯುವುದರಿಂದ ಈ ತೊಡಕು ಅದಕ್ಕೂ ತಪ್ಪಿದ್ದಲ್ಲ. ಫ್ಲ್ಯಾಟ್‌ಪ್ಯಾಕ್ 'ರನ್‌ಟೈಮ್' ಎಂಬ ಪ್ರತ್ಯೇಕ ಲೈಬ್ರರಿ ಸಮೂಹದಲ್ಲಿ ತನ್ನದೇ ಜಿಲಿಬ್‌ಸಿಯನ್ನು ತರುತ್ತದೆ. ಹಳೆಯ ಗಣಕಕ್ಕೆ ಇದೇ ಹೆಚ್ಚು ಒಗ್ಗುತ್ತದೆ.

ಇದಕ್ಕೂ ಮಿತಿಗಳಿವೆ. ಫ್ಲ್ಯಾಟ್‌ಹಬ್ ಭಂಡಾರದ ಈಗಿನ ರನ್‌ಟೈಮ್‌ಗಳು 32 ಬಿಟ್ ಇಂಟೆಲ್ ಗಣಕಗಳಿಗೆ ದೊರೆಯುವುದಿಲ್ಲ. ಕೆಲವು ತಂತ್ರಾಂಶಗಳು ಫ್ಲ್ಯಾಟ್‌ಪ್ಯಾಕಿನ ಹೊಸ ಆವೃತ್ತಿಯನ್ನೇ ಕೇಳುತ್ತವೆ. ಮೊದಲ ತಂತ್ರಾಂಶದ ಜೊತೆಗೆ ರನ್‌ಟೈಮ್ ಕೂಡ ಇಳಿಯುವುದರಿಂದ ನೂರಾರು ಎಂಬಿ ಡೇಟಾ ಬೇಕು. ಅದೇ ರನ್‌ಟೈಮ್ ಬಳಸುವ ಮುಂದಿನ ತಂತ್ರಾಂಶಕ್ಕೆ ಅಷ್ಟು ಬೇಕಾಗದು.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಶಾಲೆ, ಗ್ರಂಥಾಲಯಗಳಲ್ಲಿ ಫ್ಲ್ಯಾಟ್‌ಪ್ಯಾಕ್ ಪ್ರಯತ್ನಿಸುವವರಿಗೆ ಅದರ 'ಕ್ರಿಯೇಟ್-ಯುಎಸ್‌ಬಿ' ಆದೇಶ ನೆರವಾಗಬಲ್ಲದು. ಸಿಂಧನೂರಿನಲ್ಲಿ ಒಮ್ಮೆ ಇಳಿಸಿಕೊಂಡ ತಂತ್ರಾಂಶವನ್ನು ರನ್‌ಟೈಮ್ ಸಹಿತ ಪೆನ್‌ಡ್ರೈವ್‌ಗೆ ಹಾಕಿ, ಮಸ್ಕಿಯ ಗಣಕದಲ್ಲಿ ಇಂಟರ್ನೆಟ್ ಇಲ್ಲದೆಯೇ ಅನುಸ್ಥಾಪಿಸಬಹುದು. ಡೇಟಾ ಮಿತವಾಗಿರುವ ಕಡೆ ಇಷ್ಟು ಉಪಯುಕ್ತವಾದ ಸೌಲಭ್ಯಕ್ಕೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ.

ಕನ್ನಡದ ಕೆಲಸಕ್ಕೆ ಲಿಬ್ರೆಆಫೀಸ್ ಮೊದಲ ಪರೀಕ್ಷೆಯಾಗಲಿ. ಫ್ಲ್ಯಾಟ್‌ಪ್ಯಾಕ್ ತಂತ್ರಾಂಶಗಳು ಗಣಕದಿಂದ ಪ್ರತ್ಯೇಕವಾದ ಆವರಣದಲ್ಲಿ ನಡೆದರೂ ಗಣಕದ ಫಾಂಟುಗಳನ್ನು ಓದಬಲ್ಲವು. ಹಾಗಾಗಿ ಡೆಬಿಯನ್, ಉಬುಂಟು ಭಂಡಾರಗಳಿಂದ ಅನುಸ್ಥಾಪಿಸಿದ ಗುಬ್ಬಿ, ನವಿಲು ಫಾಂಟುಗಳು ಅಲ್ಲಿಯೂ ದೊರೆಯುತ್ತವೆ. ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಕನ್ನಡ ಟೈಪ್ ಆಗುತ್ತದೆಯೇ, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂಬುದನ್ನು ಒಂದು ಪುಟ ಬರೆದು, ಮುದ್ರಿಸಿ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಹಳೆಯ ಡೆಬ್ ಆವೃತ್ತಿಯನ್ನು ತೆಗೆಯಬಾರದು. ಎರಡೂ ಒಂದೇ ಗಣಕದಲ್ಲಿ ಇರಬಲ್ಲವು.

ಆದರೆ ಫ್ಲ್ಯಾಟ್‌ಪ್ಯಾಕ್ ಹೊಸದಾಗಿಸುವುದು ತಂತ್ರಾಂಶವನ್ನು ಮಾತ್ರ. ಗಣಕದ ಕರ್ನೆಲ್ ಹಳೆಯದಾಗಿಯೇ ಉಳಿಯುತ್ತದೆ. ಉಬುಂಟು 16.04ರ ಸಾಮಾನ್ಯ ಬೆಂಬಲ 2021ರ ಏಪ್ರಿಲ್‌ನಲ್ಲಿ, 18.04ರದು 2023ರ ಮೇ ತಿಂಗಳಲ್ಲಿ ಮುಗಿದಿದೆ. ಅಂತಹ ಗಣಕದಲ್ಲಿ ಇದು ತಾತ್ಕಾಲಿಕ ವ್ಯವಸ್ಥೆ ಮಾತ್ರ. ಯಂತ್ರಕ್ಕೆ ಶಕ್ತಿಯಿದ್ದರೆ ಲಿನಕ್ಸ್ ಆವೃತ್ತಿಯನ್ನೇ ಮೇಲ್ದರ್ಜೆಗೇರಿಸುವುದು ಸರಿಯಾದ ದಾರಿ.