ಸಾವಯವ ಎಂಬ ಮಾತಿಗೆ ಸಾಕ್ಷಿ ಯಾರು?



ವೇಲಚೇರಿಯ ನೂರಡಿ ರಸ್ತೆಯ ದೊಡ್ಡ ಅಂಗಡಿಗಳಲ್ಲಿ ಈಗ ಒಂದೇ ಕಪಾಟಿನಲ್ಲಿ ಎರಡು ಬಗೆಯ ತೊಗರಿಬೇಳೆ ಸಿಗುತ್ತದೆ. ಒಂದು ಮಾಮೂಲಿನದು. ಇನ್ನೊಂದರ ಮೇಲೆ ‘ಆರ್ಗ್ಯಾನಿಕ್’ ಎಂಬ ಹಸಿರು ಅಕ್ಷರ, ಬೆಲೆಯೂ ಜಾಸ್ತಿ. ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ವ್ಯತ್ಯಾಸ ತಿಳಿಯದು. ಹುಳಿ ಮಾಡಿ ಉಂಡರೂ ಹೇಳುವುದು ಕಷ್ಟ. ಹಾಗಾದರೆ ನಾವು ಹೆಚ್ಚಿನ ದುಡ್ಡು ಕೊಡುತ್ತಿರುವುದು ಬೇಳೆಗೋ, ಪೊಟ್ಟಣದ ಮೇಲಿನ ಮಾತಿಗೋ? ಈ ಮಾತಿಗೆ ಒಂದು ಚರಿತ್ರೆ ಇದೆ. ಅದರ ಕೆಲವು ಪುಟಗಳು ಚೆನ್ನೈಯಲ್ಲಿವೆ, ಕೆಲವು ಕನ್ನಡದ ನೆಲದಲ್ಲಿವೆ.

ಇಂದು ಫ್ಲ್ಯಾಟುಗಳಿಂದ ತುಂಬಿರುವ ವೇಲಚೇರಿ ಒಂದು ಕಾಲಕ್ಕೆ ಕೆರೆಯ ನೀರನ್ನು ನಂಬಿ ಬೆಳೆ ತೆಗೆಯುತ್ತಿದ್ದ ಊರು. ಇಲ್ಲಿನ ದಂಡೀಶ್ವರ ದೇವಾಲಯದಲ್ಲಿ ಚೋಳರ ಕಾಲದ ಶಾಸನಗಳಿವೆ. ಆಗ ಗದ್ದೆಗೆ ಬೀಳುತ್ತಿದ್ದದ್ದು ಸಗಣಿ ಗೊಬ್ಬರ, ಸೊಪ್ಪು, ಕೆರೆಯ ಹೂಳು. ಅದಕ್ಕೆ ಬೇರೆ ಹೆಸರು ಬೇಕಿರಲಿಲ್ಲ. ಬೇಸಾಯವೆಂದರೆ ಅದೇ. ಪಕ್ಕದ ಸೈದಾಪೇಟೆಯಲ್ಲಿ ಬ್ರಿಟಿಷ್ ಸರ್ಕಾರ ಕೃಷಿ ಶಾಲೆ ತೆರೆಯಿತು. 1868ರ ಆ ಶಾಲೆಯನ್ನೇ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ತನ್ನ ಮೂಲವೆಂದು ಹೇಳಿಕೊಳ್ಳುತ್ತದೆ. 1906ರಲ್ಲಿ ಅದು ಕೊಯಮತ್ತೂರಿಗೆ ಹೋಯಿತು. ಪಶ್ಚಿಮದ ಕೃಷಿ ವಿಜ್ಞಾನವನ್ನು ನಮ್ಮ ರೈತರಿಗೆ ಕಲಿಸುವುದು ಆಗಿನ ಉದ್ದೇಶ.

ಅದೇ ಹೊತ್ತಿಗೆ ಇನ್ನೊಬ್ಬ ಇಂಗ್ಲಿಷ್ ವಿಜ್ಞಾನಿ ತದ್ವಿರುದ್ಧ ದಾರಿ ಹಿಡಿದರು. 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದ ಆಲ್ಬರ್ಟ್ ಹೋವರ್ಡ್ ಕಲಿಸುವ ಬದಲು ಕಲಿಯತೊಡಗಿದರು. ಇಲ್ಲಿನ ರೈತರೂ ಕೀಟಗಳೂ ತಮ್ಮ ಗುರುಗಳೆಂದು ಬರೆದುಕೊಂಡರು. 1924ರಿಂದ ಇಂದೋರಿನಲ್ಲಿದ್ದು, ಕಸಕಡ್ಡಿ ಮತ್ತು ಸಗಣಿಯನ್ನು ಪದರ ಪದರವಾಗಿ ಕೊಳೆಸುವ ‘ಇಂದೋರ್ ಪದ್ಧತಿ’ಯನ್ನು ರೂಪಿಸಿದರು. 1940ರಲ್ಲಿ ಅವರ ‘ಆ್ಯನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್’ ಪ್ರಕಟವಾಯಿತು. ಅದೇ ವರ್ಷ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ತಮ್ಮ ಪುಸ್ತಕದಲ್ಲಿ ‘ಆರ್ಗ್ಯಾನಿಕ್’ ಬೇಸಾಯದ ಮಾತನ್ನು ಬಳಸಿದರು. ಹೊಲವನ್ನು ಅವರು ಒಂದು ಜೀವಂತ ದೇಹವೆಂದು ಕಂಡರು. ನಮ್ಮ ‘ಸಾವಯವ’ವನ್ನು ಬಿಡಿಸಿ ನೋಡಿ: ಸ, ಅವಯವ. ಅಂಗಾಂಗಗಳುಳ್ಳದ್ದು! ಮಣ್ಣು, ದನ, ಬೆಳೆ, ಎರೆಹುಳು ಎಲ್ಲವೂ ಒಂದೇ ದೇಹದ ಅವಯವಗಳು. ಕನ್ನಡದ ಪದ ಆ ಮೂಲ ಅರ್ಥಕ್ಕೆ ಎಷ್ಟು ಹತ್ತಿರವಿದೆ ನೋಡಿ.

ಇನ್ನು ಮುದ್ರೆಯ ಕಥೆಗೆ ಬರೋಣ. ಆಹಾರಕ್ಕೆ ಕಾನೂನಿನ ಕಾವಲು ಹಾಕುವುದು ಈ ಊರಿಗೆ ಹೊಸದಲ್ಲ. 1918ರಲ್ಲೇ ಮದರಾಸು ಪ್ರಾಂತ್ಯ ಕಲಬೆರಕೆ ತಡೆ ಕಾಯಿದೆ ಮಾಡಿತ್ತು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳೂ ಆಗ ಇದೇ ಪ್ರಾಂತ್ಯದಲ್ಲಿದ್ದವು. 1937ರ ಕಾಯಿದೆಯಿಂದ ಅಗ್‌ಮಾರ್ಕ್ ಬಂತು, 1954ರಲ್ಲಿ ಇಡೀ ದೇಶಕ್ಕೆ ಕಲಬೆರಕೆ ತಡೆ ಕಾಯಿದೆ ಬಂತು. ಈ ಕಾನೂನುಗಳೆಲ್ಲ ಕೇಳಿದ ಪ್ರಶ್ನೆ ಒಂದೇ: ಪದಾರ್ಥದೊಳಗೆ ಏನಿದೆ? ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರು ಹೇಳುತ್ತದೆ. ತುಪ್ಪಕ್ಕೆ ಡಾಲ್ಡಾ ಬೆರೆಸಿದರೆ ಪ್ರಯೋಗಾಲಯ ಹೇಳುತ್ತದೆ. ಆದರೆ ‘ಸಾವಯವ’ ಎನ್ನುವುದು ಪದಾರ್ಥದ ಗುಣವಲ್ಲ, ಅದು ಬೆಳೆದು ಬಂದ ದಾರಿ. ಕೀಟನಾಶಕದ ಶೇಷ ಇದೆಯೇ ಎಂದು ಪರೀಕ್ಷೆ ತಿಳಿಸಬಹುದು. ಹೊಲಕ್ಕೆ ಯೂರಿಯಾ ಹಾಕಿದ್ದರೇ, ಮಣ್ಣನ್ನು ಹೇಗೆ ನೋಡಿಕೊಂಡರು ಎಂಬುದೆಲ್ಲ ಕಾಳಿನಿಂದ ತಿಳಿಯದು. ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿಯೇ ಬೇಕು.

ಈ ಸಾಕ್ಷಿ ಏಕೆ ಮುಖ್ಯವೆಂದು ಕನ್ನಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ, ವಾಣೀನಗರಗಳು ಕನ್ನಡ, ತುಳು ಮಾತಾಡುವ ಊರುಗಳು. ಕೆಳಗೆ ಅಡಿಕೆ ತೋಟ, ಕುಡಿಯಲು ಸುರಂಗದ ನೀರು, ಮೇಲೆ ಗುಡ್ಡದಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಆ ಗೇರಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳನ್ನು ಗಮನಿಸಿದರು. ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆ ಲೋಕಕ್ಕೆ ತಿಳಿಸಿದರು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಆ ವಿಷವನ್ನು ದೇಶಾದ್ಯಂತ ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಈಗ ಯೋಚಿಸಿ: ಒಂದು ಬಾಟಲಿ ವಿಷವನ್ನೂ ಕೊಳ್ಳದ ಕೆಳಗಿನ ತೋಟದ ರೈತ, ಆ ದಿನಗಳಲ್ಲಿ ತನ್ನ ಬೆಳೆ ಸಾವಯವ ಎನ್ನಬಹುದಿತ್ತೇ? ಗಾಳಿಗೆ, ನೀರಿಗೆ ಬೇಲಿಯಿಲ್ಲ. ಸಾವಯವ ಹೊಲಕ್ಕೂ ನೆರೆಯ ಹೊಲಕ್ಕೂ ನಡುವೆ ರಕ್ಷಣಾ ಪಟ್ಟಿ ಬಿಡಬೇಕೆಂಬ ನಿಯಮದ ಅರ್ಥ ಇಲ್ಲಿ ತಿಳಿಯುತ್ತದೆ.

ಅಂಥ ನಿಯಮಗಳು ಮೊದಲು ಗಟ್ಟಿಯಾದದ್ದು ಹೊರದೇಶಗಳಲ್ಲಿ. ಅಮೆರಿಕ 1990ರಲ್ಲಿ, ಯುರೋಪ್ 1991ರಲ್ಲಿ ಕಾನೂನು ಮಾಡಿದವು. ಅಲ್ಲಿಗೆ ಚಹಾ, ಸಾಂಬಾರ ಪದಾರ್ಥ ಕಳಿಸಲು ನಮಗೂ ಮಾನದಂಡ ಬೇಕಾಯಿತು. 2001ರಲ್ಲಿ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ ಬಂತು, ಮರುವರ್ಷ ‘ಇಂಡಿಯಾ ಆರ್ಗ್ಯಾನಿಕ್’ ಮುದ್ರೆ. ಇದನ್ನು ತಂದದ್ದು ಕೃಷಿ ಸಚಿವಾಲಯವಲ್ಲ, ವಾಣಿಜ್ಯ ಸಚಿವಾಲಯ! ರಾಸಾಯನಿಕ ಬಿಟ್ಟ ಮರುದಿನವೇ ಮುದ್ರೆ ಸಿಗದು. ಸಾಮಾನ್ಯವಾಗಿ ವಾರ್ಷಿಕ ಬೆಳೆಗೆ ಎರಡು ವರ್ಷ, ತೋಟದ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ. ಆ ವರ್ಷಗಳಲ್ಲಿ ಇಳುವರಿ ಇಳಿಯಬಹುದು, ಆದರೆ ಸಾವಯವದ ಬೆಲೆ ಸಿಗುವುದಿಲ್ಲ. ಈ ನಷ್ಟವನ್ನು ತಡೆದುಕೊಳ್ಳಬೇಕಾದವನು ರೈತನೇ. 2004ರಲ್ಲಿ ಕರ್ನಾಟಕ ತನ್ನದೇ ಸಾವಯವ ಕೃಷಿ ನೀತಿ ತಂದಿತು. ತಮಿಳುನಾಡು 2023ರಲ್ಲಿ.

ತಪಾಸಣೆಯ ಶುಲ್ಕ, ದಾಖಲೆಯ ಪುಸ್ತಕ, ವರ್ಷವರ್ಷದ ಭೇಟಿ ಇವೆಲ್ಲ ಎರಡೆಕರೆ ರೈತನಿಗೆ ಭಾರ. ವಿಷ ಹಾಕುವವನು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ, ಹಾಕದವನು ಹಣ ಕಟ್ಟಿ ಸಾಬೀತುಪಡಿಸಬೇಕು. ಇದಾವ ನ್ಯಾಯ ಎಂದು ಕೇಳಿದವರಿದ್ದಾರೆ. ಅದಕ್ಕೊಂದು ಉತ್ತರವಾಗಿ ಬಂದದ್ದು ಪಿಜಿಎಸ್, ಅಂದರೆ ಸಹಭಾಗಿತ್ವದ ಖಾತರಿ ಪದ್ಧತಿ. ಕನಿಷ್ಠ ಐದು ರೈತರ ಗುಂಪು ಒಬ್ಬರ ಹೊಲವನ್ನೊಬ್ಬರು ನೋಡಿ ಸಾಕ್ಷಿ ಹೇಳುತ್ತಾರೆ. ಕೇಂದ್ರ ಸರ್ಕಾರ 2011ರಲ್ಲಿ ಇದನ್ನು ಕೈಗೆತ್ತಿಕೊಂಡಿತು. ದೇಶದೊಳಗಿನ ಮಾರಾಟಕ್ಕೆ 2017ರ ಸಾವಯವ ಆಹಾರ ನಿಯಮಗಳು ಎರಡೂ ಪದ್ಧತಿಗಳನ್ನು ಒಪ್ಪಿದವು. ‘ಜೈವಿಕ ಭಾರತ’ ಎಂಬ ಮುದ್ರೆಯೂ ಆಗ ಬಂತು. ಗ್ರಾಹಕನಿಗೆ ನೇರವಾಗಿ ಮಾರುವ ಸಣ್ಣ ರೈತನಿಗೆ ಪ್ರಮಾಣಪತ್ರದಿಂದ ವಿನಾಯಿತಿಯನ್ನೂ ಕೊಟ್ಟವು.

ಹಾಗೆಂದು ಮುದ್ರೆಯೇ ದೇವರಲ್ಲ. ಭಾರತದ ಮೇಲ್ವಿಚಾರಣೆ ಸಾಲದೆಂದು ಅಮೆರಿಕ 2021ರಲ್ಲಿ ನಮ್ಮ ಪ್ರಮಾಣೀಕರಣಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂದಕ್ಕೆ ಪಡೆಯಿತು. ಸುಳ್ಳು ಸಾಕ್ಷಿ ಹೇಳಿದವರಿಂದ ನಿಜದ ರೈತನಿಗೂ ಪೆಟ್ಟು!

ಆದ್ದರಿಂದ ಮುಂದಿನ ಸಲ ಪೊಟ್ಟಣ ಕೈಗೆತ್ತಿಕೊಂಡಾಗ ಹಸಿರು ಬಣ್ಣ ನೋಡಿ ಮರುಳಾಗಬೇಡಿ. ‘ನ್ಯಾಚುರಲ್’ ಅಥವಾ ತಮಿಳಿನ ‘ಇಯರ್ಕೈ’ ಎಂದಿದ್ದ ಮಾತ್ರಕ್ಕೆ ಅದು ಪ್ರಮಾಣಿತ ಸಾವಯವವಲ್ಲ. ಹಿಂಬದಿ ತಿರುಗಿಸಿ, ಪ್ರಮಾಣೀಕರಿಸಿದವರು ಯಾರು ಎಂದು ಓದಿ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ. ರೈತನೇ ಎದುರಿಗೆ ಸಿಕ್ಕರೆ ಗೊಬ್ಬರ ಯಾವುದು, ನೀರು ಎಲ್ಲಿಯದು, ಪಕ್ಕದ ಹೊಲದವರು ಏನು ಹೊಡೆಯುತ್ತಾರೆ ಎಂದು ವಿಚಾರಿಸಿ. ಕೇಳುವವರಿದ್ದರೆ ತಾನೇ ಸಾಕ್ಷಿಗೆ ಬೆಲೆ? ಕೇಳುವುದು ಹೇಗೂ ನಿಮಗೆ ಅಭ್ಯಾಸವಾದದ್ದೇ!